ಬೆಕ್ಕಿನ ದಿಬ್ಬಕ್ಕೆ ಹೋದ ಸೂಲಗಿತ್ತಿ

ತಿಕೋಟಾದ ಸೂಲಗಿತ್ತಿ ಪರಸವ್ವನ ಕೈಯಲ್ಲಿ ಹುಟ್ಟಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಆ ಸಾಲು ಊರ ಅಗಸಿ ದಾಟಿ ವಿಜಾಪುರದ ಹಾದಿ ಹಿಡಿಯುತ್ತಿತ್ತು. ಬಸುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳೆಂದರೆ ಸಾಕು, ಕೂಸು ಅಡ್ಡ ತಿರುಗಿದೆಯೋ ನೆಟ್ಟಗಿದೆಯೋ, ಇನ್ನೆಷ್ಟು ದಿನ ಉಳಿದಿದೆಯೋ ಎಲ್ಲ ಹೇಳಿಬಿಡುವಳು. ಸೊಕ್ಕಿನ ಹೆಂಗಸು, ಸುಳ್ಳೇಕೆ ಹೇಳಬೇಕು? ಬಾಣಂತಿ ಕೋಣೆಗೆ ಕಾಲಿಟ್ಟ ಕೂಡಲೇ ಅವಳ ಅಪ್ಪಣೆ ಒಂದೇ: "ಮೊದಲ ಆ ಬೆಕ್ಕು ದಾಟಿಸ್ರಿ."

ಬೆಕ್ಕು ಸುಳಿದಾಡುವ ಮನೆಯಲ್ಲಿ ಕೂಸಿಗೆ ಕೇಡು ಎಂಬುದು ಅವಳ ನಂಬಿಕೆ. ದಾಟಿಸುವುದೆಂದರೆ ನೀರು ದಾಟಿಸುವುದು. ಬೆಕ್ಕು ಕೊಂದವರು ಕಾಶಿಗೆ ಹೋಗಿ ಬಂಗಾರದ ಬೆಕ್ಕು ದಾನ ಕೊಡಬೇಕಂತೆ. ಮೂಗಿನ ನತ್ತಿಗೇ ಬಂಗಾರವಿಲ್ಲದವರು ಬೆಕ್ಕಿಗೆಲ್ಲಿಂದ ತರಬೇಕು? ಹಾಗೆಂದು ಊರ ಹೊರಗೆ ಬಿಟ್ಟು ಬಂದರೆ, ನೀವು ಮನೆ ಮುಟ್ಟುವ ಮೊದಲೇ ಅದು ಒಲೆಯ ಮುಂದೆ ಕೂತಿರುತ್ತದೆ. ನೀರು ದಾಟಿದ ಬೆಕ್ಕು ಮಾತ್ರ ತಿರುಗಿ ಬರುವುದಿಲ್ಲ. ಅದಕ್ಕೇ ಆ ಸೀಮೆಯ ಜನ ಭೂತನಾಳ ಕೆರೆಯ ಗೈಬುಸಾಬನನ್ನು ಹಿಡಿದಿದ್ದರು. ಸಂತೆಯ ದಿನ ಸೈಕಲ್ ಮೇಲೆ ಮೀನು ಮಾರಲು ಬರುವವನು, ಹೋಗುವಾಗ ಖಾಲಿ ಬುಟ್ಟಿಯಲ್ಲಿ ಚೀಲ ಕಟ್ಟಿದ ಬೆಕ್ಕನ್ನು ಇಟ್ಟುಕೊಂಡು ಹೋಗಿ, ತೆಪ್ಪದ ಮೇಲೆ ಕೆರೆ ನಡುವಿನ ದಿಬ್ಬಕ್ಕೆ ಮುಟ್ಟಿಸುತ್ತಿದ್ದ. ಅಲ್ಲಿ ಅವನ ತಂಗಿ, ಗಂಡ ಸತ್ತ ಮಾಸುಮಬಿ, ಅವಕ್ಕೆ ಮೀನಿನ ತಲೆ, ನೆನೆಸಿದ ರೊಟ್ಟಿ ಹಾಕಿ ಸಾಕುತ್ತಿದ್ದಳು. ನಲವತ್ತಕ್ಕೆ ಕಡಿಮೆಯಿಲ್ಲ ಅನ್ನುತ್ತಿದ್ದರು.

ಎಪ್ಪತ್ತೈದನೇ ಇಸವಿಯ ಚಳಿಗಾಲದಲ್ಲಿ ಬಾಣಂತಿಯಾಗಿದ್ದವಳು ಪರಸವ್ವನ ಸ್ವಂತ ಮಗಳು ಬೋರವ್ವ. ಬಬಲೇಶ್ವರಕ್ಕೆ ಕೊಟ್ಟ ಹುಡುಗಿ, ಹೆರಿಗೆಗೆ ತವರಿಗೆ ಬಂದಿದ್ದಳು. ಮೂರು ಹೆರಿಗೆಯಾಗಿ ಮೂರೂ ಕೂಸು ಮಣ್ಣಿಗೆ ಹೋಗಿದ್ದವು. ನಾಲ್ಕನೆಯದು ಹೆಣ್ಣು, ಉಸಿರಾಡುತ್ತಿತ್ತು, ಕುಡಿಯುತ್ತಿತ್ತು, ಐದು ದಿನ ದಾಟಿತ್ತು. ಆರನೆಯ ದಿನ ಸಂತೆ. ಪರಸವ್ವ ಗೈಬುಸಾಬನನ್ನು ಕರೆದು ಮನೆಯ ಬೂದು ಬಣ್ಣದ ಬೆಕ್ಕನ್ನು ದೂರದಿಂದಲೇ ತೋರಿಸಿದಳು. ಬೆಕ್ಕು ಮುಟ್ಟಿದ ಕೈಯಿಂದ ಕೂಸು ಮುಟ್ಟಬಾರದೆಂಬುದು ಅವಳೇ ಮಾಡಿಕೊಂಡಿದ್ದ ಕಟ್ಟಳೆ.

ಚೀಲದ ಬಾಯಿ ಕಟ್ಟುತ್ತ ಗೈಬುಸಾಬ ಅನುಮಾನಿಸಿದ. "ಯಕ್ಕಾ, ಇದರ ಹೊಟ್ಟಿ ಜೋತು ಬಿದ್ದಂಗ ಐತಲ್ಲ. ಒಮ್ಮಿ ಮುಟ್ಟಿ ನೋಡ್ರಿ."

"ಕದ್ದು ಹಾಲು ಕುಡದ ಹೊಟ್ಟಿ ಅದು. ನನಗ ಹೊಟ್ಟಿ ಸುದ್ದಿ ಹೇಳಾಕ ಬರಬ್ಯಾಡ, ನಡಿ ನಡಿ."

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ಅಂದೇ ಸಂಜೆ ಅಟ್ಟದ ಮೇಲಿನಿಂದ ಸಣ್ಣ ದನಿ ಕೇಳಿತು. ಏಣಿ ಹತ್ತಿ ನೋಡಿದರೆ ಹರಕು ಕೌದಿಯ ನಡುವೆ ಮೂರು ಮರಿ, ಇನ್ನೂ ಕಣ್ಣು ಬಿಟ್ಟಿಲ್ಲ. ಅಯ್ಯೋ ಶಿವನೇ! ಊರ ಬಸುರಿಯರ ಹೊಟ್ಟೆಯೆಲ್ಲ ಮುಟ್ಟಿದವಳು ತನ್ನ ಮನೆಯ ಬಾಣಂತಿ ಬೆಕ್ಕನ್ನೇ ನೀರು ದಾಟಿಸಿದ್ದಳು.

ಪರಸವ್ವ ಹಸುವಿನ ಹಾಲು, ಅರಳೆಯ ಬತ್ತಿ ಹಿಡಿದು ಏಣಿ ಹತ್ತಬೇಕೆನ್ನುವಷ್ಟರಲ್ಲಿ ಒಳಗಿನಿಂದ ಬೋರವ್ವ ಚೀರಿದಳು. "ಮುಟ್ಟಬ್ಯಾಡ ಯವ್ವಾ! ಮನಷ್ಯಾರ ಕೈ ಹತ್ತಿದ ಮರೀನ ತಾಯಿ ಮೂಸಂಗಿಲ್ಲ. ಮೊದಲ ಅವರವ್ವನ್ನ ತಂದು ಬಿಡು."

ಮರುದಿನದಿಂದ ಬೋರವ್ವ ಕೂಸಿಗೆ ಮೊಲೆ ಕೊಡಲಿಲ್ಲ. ಕೊಡಲಾಗಲಿಲ್ಲ ಅನ್ನಿ. ಅಟ್ಟದ ಮೇಲೆ ಮರಿ ಅತ್ತಾಗೆಲ್ಲ ಗೋಡೆಯ ಕಡೆ ಹೊರಳುವಳು. ಅನ್ನ ಬಿಟ್ಟಳು, ಬಾಣಂತಿ ಖಾರ ಬಿಟ್ಟಳು. "ತಾಯಿ-ಮಕ್ಕಳನ್ನ ಅಗಲಿಸಿದ ಮನಿ ಇದು. ನನ್ನ ಕೂಸು ಉಳಿಯಂಗಿಲ್ಲ. ಮೂರು ಹ್ಯಾಂಗ ಹೋದುವೋ ಹಂಗ ಇದೂ ಹೋಗತೈತಿ." ಬತ್ತಿಯಲ್ಲಿ ಹನಿಸಿದ ಹಸುವಿನ ಹಾಲನ್ನು ಕೂಸು ಕಾರಿಕೊಂಡಿತು. ಎರಡು ದಿನದಲ್ಲಿ ಅದರ ನೆತ್ತಿ ಕುಳಿಬಿದ್ದಿತು. ಅದರ ಅರ್ಥ ಪರಸವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂರನೆಯ ದಿನ ಎಳ್ಳ ಅಮಾವಾಸ್ಯೆ. ಕೂಸನ್ನು ಬಿಟ್ಟು ಹೋಗಲಾರದೆ ಎರಡು ದಿನ ತಡೆದಿದ್ದ ಪರಸವ್ವ ಅದನ್ನು ನೆರೆಮನೆಯ ಸತ್ಯವ್ವನ ಉಡಿಗೆ ಹಾಕಿ ಬಸ್ಸು ಹತ್ತಿದಳು. ಕೆರೆ ದಂಡೆಗೆ ಬಂದರೆ ಜಾತ್ರೆಯಂಥ ಗದ್ದಲ. ಹೊಲವಿದ್ದವರು ಹೊಲಕ್ಕೆ ಎಡೆಯ ಚರಗ ಚೆಲ್ಲಲು ಹೋಗಿದ್ದರೆ, ಹೊಲವಿಲ್ಲದ ವಿಜಾಪುರದ ಮಂದಿ ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬಂದಿದ್ದರು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ತಿಂದು, ತೆಪ್ಪ ಹತ್ತಿ ದಿಬ್ಬದ ಬೆಕ್ಕು ನೋಡಿ ಬರುವುದು ಅವರ ಸುಟ್ಟಿಯ ಮೋಜು.

"ಸರದಿ ಹಚ್ಚವ್ವ ಮುದುಕಿ! ನಿನಗೂ ಬೆಕ್ಕು ನೋಡೋ ಹುಚ್ಚೇನು?" ಎಂದು ಕೋಟು ತೊಟ್ಟವನೊಬ್ಬ ನಕ್ಕ.

"ನಿನ್ನ ನಗಿಗಿಷ್ಟು ಬೆಂಕಿ ಹಚ್ಚಲಿ! ಮನ್ಯಾಗ ನನ್ನ ಕೂಸು ಸಾಯಾಕತ್ತೈತಿ" ಎಂದವಳೇ ಪರಸವ್ವ ಜನರನ್ನು ನೂಕಿ ತೆಪ್ಪದಲ್ಲಿ ಕೂತಳು.

ದಿಬ್ಬದ ಮೇಲೆ ಎಲ್ಲಿ ನೋಡಿದರಲ್ಲಿ ಬೆಕ್ಕು. ಕಲ್ಲಿನ ಮೇಲೆ, ಜಾಲಿಯ ನೆರಳಿನಲ್ಲಿ, ಮಾಸುಮಬಿಯ ಗುಡಿಸಲ ಮಾಡಿನ ಮೇಲೆ. ಅವುಗಳಲ್ಲಿ ಅರ್ಧ ತನ್ನ ಅಪ್ಪಣೆಯಿಂದಲೇ ಬಂದವೆಂದು ಪರಸವ್ವನಿಗೆ ಹೊಳೆಯಿತು. ಬೂದು ಬೆಕ್ಕು ಗುಡಿಸಲ ಮೂಲೆಯಲ್ಲಿ ಸಿಕ್ಕಿತು. ಮಗ್ಗುಲಾಗಿ ಮಲಗಿತ್ತು. ಹೊಟ್ಟೆಗೆ ಐದು ಮರಿ ಕಚ್ಚಿಕೊಂಡಿದ್ದವು.

"ಮೊನ್ನೆ ಯಾರೋ ಪುಟ್ಯಾಗ ತಾಯಿ ಇಲ್ಲದ ಮರಿ ಬಿಟ್ಟು ಹೋದ್ರು ಯಕ್ಕಾ" ಎಂದಳು ಮಾಸುಮಬಿ. "ಇದು ಹಾಲು ಕಟಗೊಂಡು ಒದ್ದಾಡಾಕತ್ತಿತ್ತು, ತಾನ ಹೋಗಿ ಮಗ್ಗಲಕ್ಕ ಮಲಗಿತು. ಬ್ಯಾರೆ ಯಾವ ಬೆಕ್ಕಿಗೂ ಈಗ ಹಾಲಿಲ್ಲ. ನೀವು ಒಯ್ದರ ಈ ಐದೂ ಸಾಯತಾವ."

"ಒಯ್ಯಲಿಲ್ಲಂದ್ರ ನನ್ನ ಮೂರು ಸಾಯತಾವ. ಅವು ಸತ್ತರ ನನ್ನ ಮಗಳು ಮೊಲಿ ಕೊಡಂಗಿಲ್ಲ ತಂಗಿ. ಕೂಸಿನ ನೆತ್ತಿ ಇಳದೈತಿ!"

ಮಾಸುಮಬಿ ಕಣ್ಣೊರೆಸಿಕೊಂಡಳು. "ಹಂಗಾರ ಎಲ್ಲಾನೂ ಕೂಡೇ ಒಯ್ರಿ. ಪುಟ್ಟಿ ಕೊಡತೀನಿ."

ಪರಸವ್ವ ಮರಿಗಳನ್ನು ನೋಡಿದಳು. ದುಂಡಗಾಗಿದ್ದವು, ಒಂದನ್ನೊಂದು ಒದ್ದು ಕುಡಿಯುತ್ತಿದ್ದವು. ಮನೆಯಲ್ಲಿರುವವು ಮೂರು ದಿನದ ಉಪವಾಸ. ಈ ಗಟ್ಟಿಗರನ್ನು ಒಯ್ದರೆ ಅವಕ್ಕೆ ಒಂದು ಹನಿಯೂ ದಕ್ಕುವುದಿಲ್ಲ. ಸೂಲಗಿತ್ತಿಯ ಲೆಕ್ಕ ಹಾಗೆ ಹೇಳಿತು. ಬ್ಯಾಡ ಎಂದು ತಲೆಯಾಡಿಸಿ, ಜನ್ಮದಲ್ಲಿ ಮೊದಲ ಸಲ ಬೆಕ್ಕಿಗೆ ಕೈ ಹಾಕಿದಳು. ಐದು ಬಾಯಿಗಳನ್ನು ಒಂದೊಂದಾಗಿ ಬಿಡಿಸಿದಳು. ಬೆಕ್ಕು ಅವಳ ಮುಂಗೈಯನ್ನು ರಕ್ತ ಬರುವಂತೆ ಪರಚಿತು. ಮಾಸುಮಬಿ ಈ ಕಡೆ ನೋಡಲೇ ಇಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಟ್ಟ ಸುಮ್ಮನಿತ್ತು. ಪರಸವ್ವ ಬೆಕ್ಕನ್ನು ಕಂಕುಳಲ್ಲಿ ಅವಚಿಕೊಂಡು ಏಣಿ ಹತ್ತಿದಳು. ಮೂರೂ ತಣ್ಣಗಾಗಿದ್ದವು. ಬೆಕ್ಕು ಮೂಸಿತು, ಒಂದನ್ನು ನೆಕ್ಕಿತು, ಮತ್ತೆ ಮೂಸಿತು. ಆಮೇಲೆ ದಡದಡ ಕೆಳಗಿಳಿದು, ಅಟ್ಟದ ಕೆಳಗಿನ ಕೋಣೆಯ ಮುಚ್ಚಿದ ಬಾಗಿಲಿಗೆ ಹೋಗಿ ಕೂಗತೊಡಗಿತು.

"ಯವ್ವಾ, ಬಂತೇನ?" ಪಕ್ಕದ ಕೋಣೆಯಿಂದ ಬೋರವ್ವನ ದನಿ. "ಮರಿ ಕುಡ್ಯಾಕತ್ತಾವೇನ?"

ಪರಸವ್ವ ಮೂರು ಮರಿಗಳನ್ನು ಉಡಿಯಲ್ಲಿ ಹಾಕಿಕೊಂಡು ಇಳಿದಳು. ಹೇಳಿದರೆ ಕೂಸು ಬೆಳಗು ಕಾಣುವುದಿಲ್ಲ.

"ಕುಡ್ಯಾಕತ್ತಾವ ನನ್ನವ್ವಾ" ಎಂದಳು. "ಮೂರೂ ಕುಡ್ಯಾಕತ್ತಾವ. ನೀನೂ ನಿನ್ನ ಕೂಸಿಗೆ ಕೊಡು."

ಬೋರವ್ವ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಬಳೆ ಸದ್ದಾಯಿತು, ಸತ್ಯವ್ವ "ಹಿಡೀತು, ಹಿಡೀತು!" ಎಂದಳು.

ಬೆಕ್ಕು ಬಾಗಿಲ ಸಂದಿಗೆ ಮೂತಿ ಇಟ್ಟು ಕೂಗುತ್ತಲೇ ಇತ್ತು. ಅದರ ಮೊಲೆಗಳು ಬಿಗಿದಿದ್ದವು. ನಾಳೆಯ ಮೊದಲ ಬಸ್ಸಿಗೆ ಒಯ್ದು ದಿಬ್ಬಕ್ಕೆ ಬಿಟ್ಟರೆ ಆ ಐದಾದರೂ ಬದುಕಬಹುದಿತ್ತು. ಆದರೆ ನಾಳೆ ಬೆಕ್ಕಿನ ದನಿ ಕೇಳದಿದ್ದರೆ ಬೋರವ್ವ ಎದ್ದು ಬಂದು ಅಟ್ಟ ನೋಡುವಳು, ಮತ್ತೆ ಗೋಡೆಯ ಕಡೆ ಹೊರಳುವಳು. ಪರಸವ್ವ ಬೆಕ್ಕನ್ನು ಒಳಗೇ ಬಿಟ್ಟು ಕೋಣೆಯಿಂದ ಹೊರಬಂದು ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು, ಕದಕ್ಕೆ ಬೆನ್ನು ಕೊಟ್ಟು ಕೂತಳು. ಅತ್ತ ಕೂಸು ಚಪ್ಪರಿಸಿ ಕುಡಿಯುತ್ತಿತ್ತು. ಇತ್ತ ಬೆಕ್ಕು ಕದ ಕೆರೆಯುತ್ತಿತ್ತು. ಅವಳು ಚಿಲಕ ತೆಗೆಯಲಿಲ್ಲ.