ಶಂಕ್ರಿಯ ಜ್ವರದ ಬೆನ್ನುಹತ್ತಿ ಬಾಗಲಕೋಟೆಗೆ

ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಬಸ್ಸಿಗೆ ಕಾದು ಕಾದು ನನಗೆ ಸಿಟ್ಟು ನೆತ್ತಿಗೇರಿತ್ತು. ಕುಳಿತಲ್ಲಿ ಕೂಡುವ ಜಾಯಮಾನ ನನ್ನದಲ್ಲ. ಹುನಗುಂದದ ಶಾಲೆಯಲ್ಲಿ ಪಾಠ ಹೇಳುವ ನನ್ನನ್ನು ಮಕ್ಕಳು ಕಾಲಿಗೆ ಚಕ್ರ ಕಟ್ಟಿಕೊಂಡ ಅಕ್ಕೋರು ಎಂದು ಆಡಿಕೊಳ್ಳುತ್ತಿದ್ದುದು ಸುಳ್ಳೇನಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಚಳಿಗಾಲ. ಪಕ್ಕದಲ್ಲಿ ತಂಗಿ ನೀಲವ್ವ, ಅವಳ ತೊಡೆಯ ಮೇಲೆ ಎರಡು ಕುಲಾವಿ ಹಾಕಿಕೊಂಡ ಮಗಳು ಶಂಕ್ರಿ.

ಶಂಕ್ರಿ ಹುಟ್ಟಿದಾಗಲೇ ಅವಳ ಮೋರೆ, ಕಣ್ಣು ಬೇರೆ ಬಗೆಯಾಗಿದ್ದವು. ನಡೆದದ್ದು ತಡ, ಮಾತು ಇನ್ನೂ ತಡ. ಅದಕ್ಕೆ ಮನೆಯವರು ಒಗ್ಗಿಕೊಂಡಿದ್ದರು. ಈಗಿನ ಚಿಂತೆಯೇ ಬೇರೆ. ತಿಂಗಳಿಗೊಮ್ಮೆ ನೆಗಡಿ, ಎದೆ ಕಟ್ಟುವುದು, ಜ್ವರ. ಒಂದೊಂದು ಜ್ವರ ಬಿಟ್ಟಾಗಲೂ ಕಲಿತಿದ್ದ ಐದಾರು ಮಾತುಗಳಲ್ಲಿ ಒಂದೊಂದು ಹೋಗುತ್ತಿತ್ತು. ಈ ಸಲ ‘ಅವ್ವ’ ಎನ್ನುವುದೂ ನಿಂತಿತ್ತು. ಜ್ವರ ಕೂಸಿನ ಮಿದುಳು ತಿನ್ನುತ್ತಿದೆ ಎಂದು ಓಣಿಯೆಲ್ಲ ಹೇಳುತ್ತಿತ್ತು. ತಂದೆ ಈರಣ್ಣ ಅದನ್ನು ನಂಬಿ, ಮಗಳ ಜೊತೆ ಮಾತಾಡುವುದನ್ನೇ ಬಿಟ್ಟಿದ್ದ. ನೀಲವ್ವ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕಾ, ಈಕಿ ಹಿಂಗ ಕಡಿಮಿ ಆಗ್ತಾ ಆಗ್ತಾ ಪೂರಾ ಹೋಗ್ತಾಳೇನು?” ಅದಕ್ಕೆ ಉತ್ತರ ಕೇಳಲೆಂದೇ ಬಾಗಲಕೋಟೆಯ ಮಕ್ಕಳ ಡಾಕ್ಟರ ಬಳಿಗೆ ಹೊರಟಿದ್ದೆವು. ಆದರೆ ತಂಗಿಯ ಮನೆಯವರು ನೇಕಾರರು, ಅವರ ಮನೆದೇವಿ ಬನಶಂಕರಿ. ಮೊದಲು ಅವಳ ದರ್ಶನ, ಆಮೇಲೆ ದವಾಖಾನೆ ಎಂದು ಹಿರಿಯರ ಅಪ್ಪಣೆಯಾಗಿತ್ತು. ಹೀಗಾಗಿ ಸುತ್ತು ದಾರಿ.

ಬಸ್ಸು ಬಂತು. ಕಂಡಕ್ಟರ್ ಶಂಕ್ರಿಯನ್ನು ನೋಡಿ, “ಸಣ್ಣ ಕೂಸೈತಿ, ಟಿಕೀಟ್ ಬ್ಯಾಡ ಬಿಡ್ರಿ” ಎಂದ.

“ಆಕಿಗೆ ಆರು ತುಂಬ್ಯಾವ. ಅರ್ಧಾ ಹರೀರಿ” ಎಂದಳು ನೀಲವ್ವ. ನನ್ನ ತಂಗಿ ಬಡವಿ, ಆದರೆ ಮಗಳ ವಯಸ್ಸಿನಲ್ಲಿ ಒಂದು ವರ್ಷವನ್ನೂ ಯಾರಿಗೂ ಬಿಟ್ಟುಕೊಡುವವಳಲ್ಲ.

ಹುನಗುಂದ ದಾಟಿ ಅಮೀನಗಡದಲ್ಲಿ ಬಸ್ಸು ಬದಲಿಸಿದೆವು. ಕರದಂಟು ಕೊಂಡು ಶಂಕ್ರಿಗೆ ಚಿವುಟಿ ಚಿವುಟಿ ತಿನ್ನಿಸಿದೆ. ಐಹೊಳೆಯ ಆಚೆ ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ. ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು, ನೋಡಲು ಚಂದವೇ. ನನಗೆ ನೋಡುವ ವ್ಯವಧಾನ ಇರಲಿಲ್ಲ. ಪಟ್ಟದಕಲ್ಲಿನಲ್ಲಿ ಚಾಲಕ ಚಹಾಕ್ಕೆಂದು ಇಳಿದವನು ಎಷ್ಟು ಹೊತ್ತಾದರೂ ಬರಲಿಲ್ಲ. ಗುಡಿ ನೋಡಿ ಬರ್ರಿ ಎಂದು ಯಾರೋ ಹೇಳಿದರು. ನಾನು ಬಸ್ಸಿನ ಸುತ್ತ ಪ್ರದಕ್ಷಿಣೆ ಹಾಕಿದೆ. ಬಾದಾಮಿ ಮುಟ್ಟಿ, ಟಾಂಗಾ ಹಿಡಿದು ಬನಶಂಕರಿಗೆ ಹೋಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಲ್ಲಿಯ ಧರ್ಮಶಾಲೆಯಲ್ಲೇ ತಂಗಿದೆವು.

ಮರುದಿನ ಪೂಜೆ ಮುಗಿಸಿ, ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳ ಬಳಿ ಖಟಿರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಕೊಂಡು ಹೊಂಡದ ಸುತ್ತಲಿನ ಕಲ್ಲುಮಂಟಪದಲ್ಲಿ ಉಣ್ಣುತ್ತಿದ್ದೆವು. ಜಾತ್ರೆಯ ದಿನಗಳಲ್ಲ, ಮಂದಿ ಇರಲಿಲ್ಲ. ಶಂಕ್ರಿ ಸ್ವಲ್ಪ ದೂರ, ನೀರಿನ ಕಡೆ ಮುಖ ಮಾಡಿ ಬಾಳೆಹಣ್ಣು ಹಿಡಿದು ಕುಳಿತಿದ್ದಳು. ಹಿಂದಿನಿಂದ ಎರಡು ಮಂಗಗಳು ಬಂದು, ಹಣ್ಣಿಗಾಗಿ ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದು ಕಿರುಚಿದವು. ನಾನೂ ನೀಲವ್ವನೂ ಕೂಗುತ್ತ ಎದ್ದೆವು. ಹೊಂಡದ ಆಚೆ ದಂಡೆಯಲ್ಲಿದ್ದ ಮುದುಕನೂ ತಲೆಯೆತ್ತಿದ. ಶಂಕ್ರಿ ಮಾತ್ರ ತಿರುಗಲಿಲ್ಲ. ಮಂಗ ಭುಜದ ಮೇಲಿಂದ ಕೈಹಾಕಿ ಹಣ್ಣು ಕಿತ್ತಾಗಲೇ ಅವಳು ಬೆಚ್ಚಿಬಿದ್ದಳು.

ನೀಲವ್ವ ಮಗಳನ್ನು ಎತ್ತಿಕೊಂಡು ಸಂತೈಸುತ್ತಿದ್ದಳು. ನಾನು ಅವರ ಬೆನ್ನ ಹಿಂದೆ ಹೋಗಿ ಪೂಜೆಯ ಹಿತ್ತಾಳೆ ತಟ್ಟೆಯನ್ನು ಕಲ್ಲಿಗೆ ಬಡಿದೆ. ನೀಲವ್ವ ಬೆದರಿದಳು. ಕೂಸು ಕಣ್ಣು ಕೂಡ ಪಿಳುಕಿಸಲಿಲ್ಲ.

ಇಳಕಲ್ಲಿನ ತಂಗಿಯ ಮನೆಯಲ್ಲಿ ಇದು ಯಾರಿಗೂ ಗೊತ್ತಾಗುವಂತೆಯೇ ಇರಲಿಲ್ಲ. ಪಡಸಾಲೆಯಲ್ಲಿ ಮೂರು ಮಗ್ಗ, ಈರಣ್ಣನದು ಮತ್ತು ಅವನ ತಮ್ಮಂದಿರಿಬ್ಬರದು. ಬೆಳಗಾದರೆ ಖಟಖಟ ಶುರು. ಅಲ್ಲಿ ಊಟಕ್ಕೆ ಕರೆಯಬೇಕಾದರೆ ಭುಜ ಮುಟ್ಟುತ್ತಾರೆ, ನೂಲು ಬೇಕಾದರೆ ಬೆರಳಾಡಿಸುತ್ತಾರೆ. ಸನ್ನೆಯಲ್ಲೇ ಸಂಸಾರ. ಅಂಥ ಮನೆಯಲ್ಲಿ ಕೇಳದ ಕೂಸಿಗೂ ಕೇಳುವವರಿಗೂ ಏನು ವ್ಯತ್ಯಾಸ? ಕೈಸನ್ನೆಗೆ ಶಂಕ್ರಿ ಎಲ್ಲರಿಗಿಂತ ಮೊದಲು ಓಡುತ್ತಿದ್ದಳು.

ಬಾದಾಮಿ ನಿಲ್ದಾಣದಿಂದ ಬಾಗಲಕೋಟೆಯ ರೈಲು ಹತ್ತಿದಾಗ ನಾನು ಇದನ್ನು ತಂಗಿಗೆ ಹೇಳಿದೆ. ಗಾಯದ ಮೇಲೆ ಬರೆ ಎಳೆದಂತಾಯಿತು ಅವಳಿಗೆ.

“ಇದ್ದದ್ದು ಸಾಲದಂತ ಆಕೀನ್ನ ಕಿವುಡಿ ಬ್ಯಾರೆ ಮಾಡ್ತಿ ಏನಕ್ಕಾ?”

“ಹಂಗಲ್ಲ ನೀಲಾ. ಕಿವಿ ಹೋಗಿದ್ರ, ತಲಿ ಹೋಗಿಲ್ಲಂತ ಆತಲ್ಲ.”

ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು. ಇಂಜಿನ್ನಿನ ಇದ್ದಿಲ ಪುಡಿ ಕಣ್ಣಿಗೆ ಬೀಳುತ್ತಿದ್ದರೂ ಮುಖ ಸರಿಸಲಿಲ್ಲ. ನನಗೆ ಭಯವಾಗಿತ್ತು, ಖುಷಿಯೂ ಆಗಿತ್ತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಗಿತ್ತು. ಬೋಗಿಯ ಬಾಗಿಲಿಗೂ ಆಸನಕ್ಕೂ ಅಡ್ಡಾಡುತ್ತ ದಾರಿ ಸವೆಸಿದೆ.

ಬಾಗಲಕೋಟೆಯ ದವಾಖಾನೆಯಲ್ಲಿ ನಮ್ಮ ಪಾಳಿ ಬಂದದ್ದು ಮಧ್ಯಾಹ್ನದ ಮೇಲೆ. ವಯಸ್ಸಾದ ಡಾಕ್ಟರರು ಶಂಕ್ರಿಯ ಎದೆಗೆ ಕೊಳವೆ ಇಟ್ಟು ಕೇಳಿದರು, ಕಿವಿಯಲ್ಲಿ ದೀಪ ಹಿಡಿದು ಬಹಳ ಹೊತ್ತು ನೋಡಿದರು.

“ಇದಕ್ಕ ಡೌನ್ ಸಿಂಡ್ರೋಮ್ ಅಂತಾರವ್ವ. ಹುಟ್ಟಿನಿಂದನ ಬಂದದ್ದು, ಜ್ವರದಿಂದ ಬಂದದ್ದಲ್ಲ. ಇಂಥ ಮಕ್ಕಳ ಮೈಯಾಗ ರೋಗ ತಡಿಯೂ ಶಕ್ತಿ ಕಡಿಮಿ ಇರತೈತಿ. ಬ್ಯಾರೇ ಮಕ್ಕಳಿಗೆ ನಾಕು ದಿನಾ ಇರೂ ನೆಗಡಿ ಈಕಿಗೆ ತಿಂಗಳ ಕಾಡತೈತಿ. ಅದು ಕಿವಿ ಒಳಗ ಇಳದು ನೀರು ನಿಂತೈತಿ, ಅದಕ್ಕ ಆಕಿಗೆ ಕೇಳವಲ್ದು. ಮತ್ತ ಕಿವಿಗೇನು ಹಾಕ್ತೀರಿ?”

“ಬಳ್ಳೊಳ್ಳಿ ಕಾಸಿದ ಎಣ್ಣಿರಿ” ಎಂದಳು ನೀಲವ್ವ.

“ಹಾಕಬ್ಯಾಡ್ರಿ. ಒಂದು ಹನೀನೂ ಬ್ಯಾಡ. ಜ್ವರ ಬಂದ್ರ ಆಮ್ಯಾಲ ನೋಡೂಣಂತ ಕೂಡಬ್ಯಾಡ್ರಿ, ಅವತ್ತ ದವಾಖಾನಿ ಮುಟ್ಟಿಸ್ರಿ.”

ನೀಲವ್ವ ಸೆರಗಿನ ತುದಿ ಹಿಂಡುತ್ತ ಕೇಳಿದಳು: “ಆಕಿ ಮಿದುಳು ಕರಗಾಕತ್ತಿಲ್ಲೇನ್ರಿ?”

“ನನಗ ಹಂಗ ಕಾಣಂಗಿಲ್ಲ. ಈಕಿ ಸಾವಕಾಶ ಕಲೀತಾಳ, ಆದ್ರ ಕಲೀತಾಳ. ಕೇಳದ ಮಾತು ಹೆಂಗ ಉಳೀಬೇಕು? ಔಷಧ ಕೊಡ್ತೇನಿ, ತಿಂಗಳ ಬಿಟ್ಟು ಕರಕೊಂಡು ಬರ್ರಿ. ಕಿವಿ ಪೂರಾ ಸುದ್ದ ಆಗತೈತಂತ ನಾ ಮಾತು ಕೊಡಾಂಗಿಲ್ಲ. ಅಲ್ಲೀತನಕಾ ಗದ್ದಲಿಲ್ಲದ ಕಡೆ, ಆಕಿ ಮಾರಿ ಮುಂದ ಕುಂತು ಮಾತಾಡ್ರಿ. ದಿನಾ ಮಾತಾಡ್ರಿ.”

“ಗದ್ದಲಿಲ್ಲದ ಕಡೆ ಎಲ್ಲಿಂದ ತರೂದ್ರಿ, ನಾವು ನೇಕಾರ್ರು” ಎಂದು ತಂಗಿ ನಕ್ಕಳು. ನಗುತ್ತಲೇ ಅತ್ತಳು.

ಆ ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದು, ಮರುದಿನ ಕಮತಗಿ ಮಾರ್ಗದ ಬಸ್ಸು ಹಿಡಿದೆವು. ಹುನಗುಂದದಲ್ಲಿ ನಾನು ಇಳಿಯಬೇಕಿತ್ತು, ಶಾಲೆಯ ರಜೆ ಮುಗಿದಿತ್ತು. ಇಳಿಯಲಿಲ್ಲ. ಈರಣ್ಣ ಏನೆನ್ನುತ್ತಾನೋ ನೋಡದೆ ನನಗೆ ಸಮಾಧಾನವಿರಲಿಲ್ಲ. ತಾಸಿನ ಮೇಲೆ ತಾಸು ಕೂಲಿ ಎಣಿಸುವ ಮನೆಯಲ್ಲಿ ಮಗ್ಗ ನಿಲ್ಲಿಸಿ ಮಾತಾಡು ಎಂದರೆ ಯಾರು ಕೇಳುತ್ತಾರೆ?

ಮನೆ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಈರಣ್ಣ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ನೀಲವ್ವ ಅವನ ಕಿವಿಗೆ ಬಾಗಿ ಎಲ್ಲ ಹೇಳಿದಳು. ಅವನ ಕೈ ನಡೆದೇ ಇತ್ತು. ಆಮೇಲೆ ನಿಧಾನವಾಯಿತು, ನಿಂತಿತು. ತಮ್ಮಂದಿರ ಕಡೆ ಕೈಯೆತ್ತಿದ, ಅವರ ಎರಡು ಮಗ್ಗಗಳೂ ನಿಂತವು. ಮಗ್ಗ ನಿಂತರೆ ಅಪ್ಪನಿಗೆ ನೀರು ಬೇಕೆಂದೇ ಶಂಕ್ರಿಗೆ ಗೊತ್ತು. ಒಳಗೆ ಓಡಿ ಚಂಬು ತುಂಬಿ ತಂದಳು. ಅವನು ಕುಣಿಯಿಂದ ಮೇಲೆ ಬಂದು ಅವಳೆದುರು ಕುಕ್ಕರುಗಾಲಲ್ಲಿ ಕುಳಿತ. ಚಂಬನ್ನು ಇಬ್ಬರ ನಡುವೆ ಹಿಡಿದು, “ನೀರು” ಎಂದ. ಅವಳು ಅವನ ತುಟಿಯನ್ನೇ ನೋಡಿದಳು.

ಅಷ್ಟರಲ್ಲಿ ಎದುರು ಮನೆಯ ಮುದುಕಿ ಸೆರಗು ಹೊದ್ದುಕೊಂಡು ಬಾಗಿಲಿಗೆ ಬಂದಳು. ಹಿಂದೆ ಇನ್ನಿಬ್ಬರು. ಆ ಓಣಿಯಲ್ಲಿ ಕೆಲಸದ ದಿನ ನಡುಹಗಲಲ್ಲಿ ಮನೆಯ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುವುದು ಯಾರಾದರೂ ಸತ್ತರೆ ಮಾತ್ರ.

“ಯಾರು ಹೋದ್ರೋ ಈರಣ್ಣಾ?” ಎಂದಳು ಮುದುಕಿ.

“ಯಾರೂ ಹೋಗಿಲ್ಲಬೇ” ಎಂದ ಅವನು, ಮಗಳ ಮುಖದಿಂದ ಕಣ್ಣು ತೆಗೆಯದೆ. “ಮಗಳ ಜೋಡಿ ಮಾತಾಡಾಕತ್ತೇನಿ.”

ನನ್ನ ಬಸ್ಸಿನ ಹೊತ್ತಾಗಿತ್ತು. ಓಣಿಯ ತಿರುವಿನಲ್ಲಿ ಹೊರಳಿ ನೋಡಿದಾಗ ಬಾಗಿಲಲ್ಲಿ ಮಂದಿ ಇನ್ನೂ ಹೆಚ್ಚಾಗಿದ್ದರು. ಅವರ ನಡುವಿನಿಂದ ಈರಣ್ಣನ ದನಿ ಅಲ್ಲಿಯವರೆಗೂ ಬರುತ್ತಿತ್ತು: “ನೀರು, ನಮ್ಮವ್ವಾ. ನೀರು.”