ಸುಂಯ್‌ಪುಟ್ಟನ ಬಾಯಿಗೆ ಮಾತು

ಅರವತ್ತು ದಾಟಿದ ಹೆಂಗಸೊಬ್ಬಳು ಮಟಮಟ ಮಧ್ಯಾಹ್ನ ಕನ್ನಡಿಯ ಮುಂದೆ ನಿಂತು, ಎರಡೂ ಕೈ ಮುಂದೆ ಚಾಚಿ ‘ಸುಂಯ್’ ಎನ್ನುತ್ತಿದ್ದರೆ ಬಾಗಿಲಲ್ಲಿ ನಿಂತ ತರಕಾರಿಯವಳು ಏನೆಂದುಕೊಳ್ಳಬೇಕು? ನಮ್ಮ ನ್ಯಾಮತಿಯ ತರಕಾರಿಯವಳು ದೊಡ್ಡ ಮನಸ್ಸಿನವಳು. ಏನನ್ನೂ ನೋಡದವಳಂತೆ ಬದನೆಕಾಯಿ ಇಟ್ಟು ಹೋದಳು. ಆದರೆ ಮರುದಿನ ಬೀದಿಯಲ್ಲಿ ಸಿಕ್ಕವರೆಲ್ಲ ನನ್ನ ಆರೋಗ್ಯವನ್ನು ತುಸು ಹೆಚ್ಚೇ ಕಾಳಜಿಯಿಂದ ವಿಚಾರಿಸಿದ್ದರಿಂದ ಸುದ್ದಿ ಎಲ್ಲಿಯವರೆಗೆ ಮುಟ್ಟಿದೆ ಎಂದು ಗೊತ್ತಾಯಿತು.

ನನಗೇನೂ ಆಗಿರಲಿಲ್ಲ. ಅದು ನನ್ನ ಕೆಲಸ. ಚನ್ನಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಹಿಂದಿ ಕಲಿಸಿ ನಿವೃತ್ತಳಾದ ಮೇಲೆ, ಮನೆಯಲ್ಲಿ ಕೂತು ಗೋಡೆ ನೋಡುವ ಕಾಲಕ್ಕೆ, ನನ್ನ ಹಳೆಯ ವಿದ್ಯಾರ್ಥಿನಿ ರೇಖಾ ಫೋನು ಮಾಡಿದಳು. ಅವಳೀಗ ಕಾರ್ಟೂನುಗಳಿಗೆ ಕನ್ನಡದ ದನಿ ಕೂಡಿಸುವ ಒಂದು ಕಂಪನಿಯಲ್ಲಿದ್ದಾಳೆ. ಹಿಂದಿಯಲ್ಲಿ ಮಾತಾಡುವ ಬೊಂಬೆಗಳನ್ನು ಕನ್ನಡದಲ್ಲಿ ಮಾತಾಡಿಸಬೇಕಿತ್ತು. ಕೇಳಲು ಸುಲಭ. ಆದರೆ ಬೊಂಬೆಯ ತುಟಿ ಮೊದಲೇ ಅಲ್ಲಾಡಿ ಮುಗಿದಿರುತ್ತದೆ. ಅದು ತುಟಿ ಮುಚ್ಚಿದಲ್ಲಿ ನಮ್ಮ ಮಾತಿನಲ್ಲೂ ಪ, ಬ, ಮ ಬರಬೇಕು; ಬಾಯಿ ತೆರೆದಿರುವಾಗ ಬರಬಾರದು. ಇದನ್ನು ಸರಿ ನೋಡಿಕೊಳ್ಳಲು ಕನ್ನಡಿ ಬೇಕು, ಮುಚ್ಚಿದ ಬಾಗಿಲೂ ಬೇಕು. ಎರಡನೆಯದನ್ನು ನಾನು ಮರೆತಿದ್ದೆ, ಅಷ್ಟೇ.

ನನ್ನ ಪಾಲಿಗೆ ಬಂದವನು ನೀಲಿ ಬಟ್ಟೆ ತೊಟ್ಟು, ಬೆನ್ನಿಗೊಂದು ಹಳದಿ ರುಮಾಲು ಹಾರಿಸಿಕೊಂಡು ಆಕಾಶದಲ್ಲಿ ಓಡಾಡುವ ಪುಟ್ಟ ವೀರ. ಅವನಿಗೆ ‘ಸುಂಯ್‌ಪುಟ್ಟ’ ಎಂದು ಹೆಸರಿಟ್ಟವಳು ನಾನೇ. ಹಾರುವಾಗ ಹಾಗೆ ಸದ್ದಾಗುತ್ತದೆ, ಅದಕ್ಕೆ.

ಈ ವೀರರ ಮುಂದಿನ ಕಾಲ ಹೇಗಿರುತ್ತದೆ ಎಂಬುದನ್ನು ರೇಖಾ ನನಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದಳು. ದೊಡ್ಡ ಮಕ್ಕಳೆಲ್ಲ ಮೊಬೈಲಿನ ಆಟಗಳಿಗೆ ಹೊರಟುಹೋಗಿದ್ದಾರಂತೆ. ಟೀವಿಯ ಮುಂದೆ ಉಳಿದಿರುವುದು ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಅಥವಾ ಈಗಷ್ಟೇ ಹತ್ತಿದ ಪುಟಾಣಿಗಳು. ಹಾಗಾಗಿ ಇನ್ನು ಮುಂದೆ ವೀರರು ಗುದ್ದುವಂತಿಲ್ಲ, ಒದೆಯುವಂತಿಲ್ಲ, ಖಳನನ್ನು ಗೋಡೆಗೆ ಎಸೆಯುವಂತಿಲ್ಲ. ಕಷ್ಟ ಬಂದಾಗ ಸುಂಯ್‌ಪುಟ್ಟ ನೋಡುತ್ತಿರುವ ಮಗುವಿನತ್ತ ತಿರುಗಿ, “ನೀನಾಗಿದ್ರೆ ಏನು ಮಾಡ್ತಿದ್ದೆ?” ಎಂದು ಕೇಳಬೇಕು. ಕೇಳಿ ಸುಮ್ಮನಿರಬೇಕು.

ನನಗೆ ನಗು ಬಂತು. ಗುದ್ದದ ವೀರನೆಂದರೆ ಮೆಣಸಿನಕಾಯಿ ಇಲ್ಲದ ಮಂಡಕ್ಕಿಯಲ್ಲವೇ? ನಮ್ಮ ಹೊನ್ನಾಳಿ-ನ್ಯಾಮತಿಯ ಕಡೆ ಹೊಲದ ಬದುವಿನಲ್ಲಿ, ಗುಡಿಯ ಮಗ್ಗುಲಲ್ಲಿ ವೀರಗಲ್ಲುಗಳು ನಿಂತಿರುತ್ತವೆ. ಅವುಗಳನ್ನು ನೋಡಿದಾಗೆಲ್ಲ ನಮ್ಮ ಹಿರಿಯರೇ ಮೊದಲ ಕಾರ್ಟೂನು ಬರೆದವರು ಎಂದು ನನಗನ್ನಿಸುತ್ತದೆ. ಕೆಳಗಿನ ಅಂಕಣದಲ್ಲಿ ವೀರ ಹೋರಾಡುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಗಾಳಿಯಲ್ಲಿ ಹಾರಿಸಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಶಿವನ ಮುಂದೆ ಕೂತಿರುತ್ತಾನೆ. ಹಾರಾಟವೂ ಉಂಟು, ಹೊಡೆದಾಟವೂ ಉಂಟು. ಅಷ್ಟು ಶತಮಾನ ಹೊಡೆದಾಡಿಕೊಂಡು ಬಂದ ವೀರ ಈಗ ತಿರುಗಿ ನಿಂತು ಮೂರು ವರ್ಷದ ಮಗುವಿನ ಸಲಹೆ ಕೇಳುವುದೇ? ಮೇಲಾಗಿ ಆ ಮೌನ. ಕಂಪನಿಯವರು ಕಳಿಸಿದ ಹಾಳೆಯಲ್ಲಿ ಆ ಜಾಗದಲ್ಲಿ ಬರೀ ಖಾಲಿ. ಖಾಲಿಯನ್ನು ಕನ್ನಡಕ್ಕೆ ತರುವುದು ಹೇಗೆ? ಅಲ್ಲೊಂದು ‘ಹ್ಞಾಂ, ಹೇಳು ಹೇಳು’ ಸೇರಿಸಿ ಕಳಿಸಿದೆ. ರೇಖಾ ಅದನ್ನು ತೆಗೆದುಹಾಕಿ, “ಮೇಡಂ, ಅಲ್ಲಿ ಏನೂ ಬೇಡ, ಮಗು ಯೋಚನೆ ಮಾಡ್ತಿರುತ್ತೆ” ಎಂದಳು. ಮೂರು ವರ್ಷದ ಮಗು ಏನು ಯೋಚಿಸುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅದು ಏನು ಯೋಚಿಸುತ್ತದೆ ಎಂದು ನೋಡಿದ್ದು ಜಗಳೂರಿನಲ್ಲಿ.

ಜಗಳೂರಿನಲ್ಲಿ ನನ್ನ ತಂಗಿಯ ಮಗಳು ಶೈಲಾ ಇದ್ದಾಳೆ. ಅವಳಿಗೆ ಇಬ್ಬರು ಮಕ್ಕಳು. ಸಿಂಚನಾ ಒಂದನೆಯ ಕ್ಲಾಸು. ಮನುವಿಗೆ ಮೂರು ತುಂಬಿ ಕೆಲವು ತಿಂಗಳು. ಶೈಲಾಳ ಗಂಡ ಕೆಲಸದ ಮೇಲೆ ದಾವಣಗೆರೆಯಲ್ಲಿದ್ದ ಆ ವಾರ ನಾನು ಅಲ್ಲಿಗೆ ಹೋಗಿದ್ದೆ. ಮನೆಯಲ್ಲಿ ಅವಳ ಅತ್ತೆ ಗಂಗಮ್ಮನವರೂ ಇದ್ದರು. ಮಕ್ಕಳಿಬ್ಬರೂ ಸುಂಯ್‌ಪುಟ್ಟನ ಕಟ್ಟಾ ಭಕ್ತರು. ಮನುವಂತೂ ತಾಯಿಯ ಹಳೆಯ ನೈಲಾನ್ ವೇಲನ್ನು ಕೊರಳಿಗೆ ಕಟ್ಟಿಸಿಕೊಂಡು, ಅದನ್ನು ನೆಲಕ್ಕೆ ಎಳೆದಾಡಿಸುತ್ತ, ಊಟಕ್ಕೂ ಬಿಚ್ಚದೆ ಇಡೀ ದಿನ ಹಾರುತ್ತಿದ್ದ. ಅವನ ವೀರ ಮಾತಾಡುವ ಮಾತನ್ನು ನಾನೇ ಬರೆಯುವುದು ಎಂದು ಹೇಳಿ ಸ್ವಲ್ಪ ಮೆರೆಯೋಣವೆಂದರೆ ನಂಬಲಿಲ್ಲ. ಸುಂಯ್‌ಪುಟ್ಟನಿಗೆ ಮಾತು ಬರುವುದರಿಂದ ಬೇರೆಯವರು ಬರೆಯುವ ಅಗತ್ಯ ಅವನಿಗೆ ಕಾಣಲಿಲ್ಲ.

ಸಂಜೆ ಗಂಗಮ್ಮ ದೇವರ ಮುಂದೆ ದೀಪ ಹಚ್ಚಿ ಹಿತ್ತಲಿಗೆ ಹೋಗಿದ್ದರು. ಆ ಮನೆಯ ದೇವರ ಕೋಣೆ ಮೊದಲು ಸಾಮಾನು ಇಡುವ ಕೋಣೆಯಾಗಿತ್ತು. ಹೊಸ ಬಾಗಿಲು ಮಾಡಿಸಿ, ಅದರ ತುಂಬ ಚೌಕನೆಯ ತೂತು ಕೊರೆಸಿ, ತೂತಿಗೊಂದು ಹಿತ್ತಾಳೆಯ ಗಂಟೆ ತೂಗಿಬಿಟ್ಟಿದ್ದರು. ಆದರೆ ಯಾವ ಬಡಗಿಯ ಲೆಕ್ಕಾಚಾರವೋ, ಒಳಗಡೆ ಕೆಳಗೊಂದು ಚಿಲಕವೂ ಇತ್ತು. ಮನು ಒಳಗೆ ಹೋಗಿ ಆ ಚಿಲಕ ಹಾಕಿಕೊಂಡ. ಸುಂಯ್‌ಪುಟ್ಟನಿಗೊಂದು ಗುಹೆ ಇದೆ. ಇದು ಅವನ ಗುಹೆ.

ಮೊದಲು ನೋಡಿದವಳು ಶೈಲಾ. ತೂತಿನೊಳಗೆ ಕಣ್ಣಿಟ್ಟವಳೇ ಕೂಗಿಕೊಂಡಳು. ದೀಪ ಇದ್ದದ್ದು ನೆಲದಿಂದ ಗೇಣೆತ್ತರದ ಕಟ್ಟೆಯ ಮೇಲೆ. ಮನು ನಿಂತಿದ್ದದ್ದು ಅದರ ಮುಂದೆ, ಬೆನ್ನು ದೀಪದ ಕಡೆಗೆ. ನೈಲಾನ್ ವೇಲಿನ ತುದಿ ಕಟ್ಟೆಯ ಅಂಚಿನಲ್ಲಿ ಬಿದ್ದಿತ್ತು.

ಮುಂದೆ ನಾವು ದೊಡ್ಡವರು ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಶೈಲಾ ಚಿಲಕ ತೆಗಿ ಎಂದು ಕಿರುಚಿದಳು. ನಾನು ದೀಪದಿಂದ ದೂರ ಹೋಗು ಎಂದು ಕಿರುಚಿದೆ. ಗಂಗಮ್ಮ ಬಿಂದಿಗೆ ನೀರು ತಂದು, ತೂತಿನಲ್ಲಿ ನೀರು ದೀಪದವರೆಗೆ ಹೋಗದೆಂದು ತಿಳಿದು, ದೇವರನ್ನೇ ಕೂಗತೊಡಗಿದರು. ನಾನು ಕೈ ಹಾಕಿದರೆ ತೂತು ಮಣಿಕಟ್ಟಿಗೇ ಹಿಡಿಯಿತು. ಗಲಾಟೆ ಕೇಳಿ ಪಕ್ಕದ ಮನೆಯ ಬಸಣ್ಣ ಓಡಿ ಬಂದು ಬಾಗಿಲಿಗೆ ಭುಜ ಕೊಟ್ಟರು. ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ಒಳಗಿನ ಮಗುವಿಗೆ ಹೇಗೆ ಕಂಡಿರಬೇಕು ಯೋಚಿಸಿ: ಪ್ರತಿ ತೂತಿನಲ್ಲೂ ಒಂದು ಕಣ್ಣು, ಒಂದು ಬಾಯಿ, ಎಲ್ಲವೂ ಕಿರುಚುತ್ತಿವೆ, ಬಾಗಿಲು ಅಲುಗುತ್ತಿದೆ. ಅವನು ಎರಡೂ ಕಿವಿ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ದೀಪ. ನಾವೇ ಅವನನ್ನು ಅತ್ತ ತಳ್ಳುತ್ತಿದ್ದೆವು. ಅದು ನಮಗೆ ಹೊಳೆಯಲಿಲ್ಲ.

ಹೊಳೆದದ್ದು ಸಿಂಚನಾಗೆ. ಅವಳು ಬಸಣ್ಣನ ಲುಂಗಿ ಹಿಡಿದೆಳೆದಳು. “ನೀವೆಲ್ಲ ಸುಮ್ಕಿರ್ರಿ. ಅವ್ನು ಹೆದರ್ಕಂಡಾನೆ” ಎಂದಳು. ಆರು ವರ್ಷದ ಹುಡುಗಿಯ ಮಾತಿಗೆ ನಾವೆಲ್ಲ ಯಾಕೆ ಸುಮ್ಮನಾದೆವೋ ಕಾಣೆ. ಅವಳು ದನಿ ಏರಿಸದೆ ಹೇಳಿದ್ದಳು, ಅದಕ್ಕಿರಬೇಕು. ಅವಳು ಬಾಗಿಲ ಮುಂದೆ ಚಕ್ಕಳಮಕ್ಕಳ ಕೂತಳು. ಕೆಳಗಿನ ಸಾಲಿನ ತೂತು ಅವಳ ಬಾಯಿಗೆ ಸರಿಯಾಗಿತ್ತು.

“ಮನು, ನಿನ್ ಹಿಂದೆ ದೀಪ ಐತೆ. ರುಮಾಲು ಹತ್ರಕ್ಕೆ ಐತೆ. ನೀನು ಸುಂಯ್‌ಪುಟ್ಟ ಅಲ್ಲೇನೋ? ಈಗ ಏನು ಮಾಡ್ತೀಯ?”

ಕೇಳಿ ಸುಮ್ಮನಾದಳು.

ಶೈಲಾ ಬಾಯಿ ತೆರೆದಳು. ಸಿಂಚನಾ ತಿರುಗಿಯೂ ನೋಡದೆ ಅಂಗೈ ಎತ್ತಿ ತಡೆದಳು. ಆ ಮೌನವನ್ನು ನಾನು ಹೇಗೆ ಹೇಳಲಿ? ಖಾಲಿ ಹಾಳೆಯಲ್ಲಿ ನೋಡಿ ನಕ್ಕಿದ್ದ ಮೌನ ಅದೇ. ಈಗ ಅದರೊಳಗೆ ಉಸಿರು ಹಿಡಿದು ನಿಂತಿದ್ದೆ. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಆಜ್ಞೆಗಳು ಕುಣಿಯುತ್ತಿದ್ದವು. ಸಿಂಚನಾ ಒಂದನ್ನೂ ಹೇಳದೆ ಕಾದಳು. ಒಳಗೆ ಮನು ಕಿವಿಯಿಂದ ಕೈ ತೆಗೆದ. ನಿಧಾನವಾಗಿ ಕತ್ತು ತಿರುಗಿಸಿ ದೀಪ ನೋಡಿದ. ಕಟ್ಟೆಯ ಮೇಲಿದ್ದ ತುದಿ ನೋಡಿದ. ಮೂರು ವರ್ಷದ ತಲೆಯೊಂದು ಯೋಚಿಸುವುದನ್ನು ನಾನು ಹುಟ್ಟಿದ ಮೇಲೆ ಅಂದೇ ಕಣ್ಣಾರೆ ಕಂಡದ್ದು; ಗಿಡವೊಂದು ಕಣ್ಣೆದುರೇ ಎಲೆ ಬಿಚ್ಚಿದ ಹಾಗೆ. ಅವನು ವೇಲನ್ನು ಎರಡೂ ಕೈಯಿಂದ ಸುರುಳಿ ಸುರುಳಿಯಾಗಿ ಎಳೆದುಕೊಂಡು, ಮುದ್ದೆ ಮಾಡಿ ಹೊಟ್ಟೆಗೆ ಅವುಚಿಕೊಂಡ.

“ಆಮ್ಯಾಲೆ?” ಎಂದಳು ಸಿಂಚನಾ. ಮತ್ತೆ ಕಾದಳು.

ಅವನು ಬಾಗಿಲಿಗೆ ಬಂದ. ಚಿಲಕಕ್ಕೆ ಕೈ ಹಾಕಿ ಎಳೆದ. ಬರಲಿಲ್ಲ. “ಬಿಗಿ ಐತೆ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಅವರು ನೂಕ್ತಾರೆ” ಎಂದ.

ನಾವು ನಮ್ಮ ಕೈಗಳನ್ನು ನೋಡಿಕೊಂಡೆವು. ಬಸಣ್ಣನ ಭುಜ, ಶೈಲಾಳ ಎರಡೂ ಅಂಗೈ, ನನ್ನ ಹಣೆ, ಎಲ್ಲವೂ ಬಾಗಿಲ ಮೇಲೇ ಇದ್ದವು. ನಾವು ಒತ್ತಿ ಹಿಡಿದಷ್ಟೂ ಚಿಲಕ ಕಚ್ಚಿಕೊಂಡಿತ್ತು. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದೆವು. ಒಳಗೆ ಚಿಲಕ ಸರಕ್ಕನೆ ಜಾರಿತು. ಗಂಟೆಗಳು ಮೆಲ್ಲಗೆ ಕಿಣಿಕಿಣಿ ಎಂದವು. ಹೊಟ್ಟೆಯ ಮೇಲೆ ಬಟ್ಟೆಯ ಗಂಟು ಹೊತ್ತ ಮನು ಹೊರಗೆ ಬಂದು, ಎಲ್ಲರೂ ಅಳುತ್ತಿರುವುದನ್ನು ಕಂಡು, ತಾನೂ ಅಳಬೇಕೇನೋ ಎಂದು ಅಳತೊಡಗಿದ.

ಶೈಲಾ ಅವನನ್ನು ಎತ್ತಿಕೊಂಡವಳು ಬಹಳ ಹೊತ್ತು ಇಳಿಸಲಿಲ್ಲ. ಬಸಣ್ಣ ಮನೆಗೆ ಹೋಗಿ ಸ್ಕ್ರೂಡ್ರೈವರ್ ತಂದು ಆ ಒಳಚಿಲಕವನ್ನು ಕಿತ್ತೇ ಹೋದರು. ಗಂಗಮ್ಮ ದೀಪವನ್ನು ಮೇಲಿನ ಗೂಡಿಗೆ ಏರಿಸಿದರು. ಸಿಂಚನಾ ಏನೂ ಆಗದವಳ ಹಾಗೆ ನನ್ನ ಪಕ್ಕ ಬಂದು ಕೂತಳು. ನಾನು ಅವಳ ತಲೆ ಸವರಲು ಕೈ ಎತ್ತಿದೆ.  ಅವಳು ಆ ಕೈ ಹಿಡಿದುಕೊಂಡಳು.

“ಅಜ್ಜಿ, ಸುಂಯ್‌ಪುಟ್ಟನ ಮಾತು ನೀನೇ ಬರೆಯಾದು ಅಂದ್ಯಲ್ಲ, ನಿಜವಾ?”

ಹೌದೆಂದೆ.

“ಮತ್ತೆ ನೀನ್ಯಾಕೆ ಹೆದ್ರಿದೆ?”

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಕಷ್ಟದ ಪ್ರಶ್ನೆ ಬಂದಾಗ ಬೋರ್ಡಿನ ಕಡೆ ತಿರುಗುವುದು ಅಭ್ಯಾಸ. ಅಲ್ಲಿ ಬೋರ್ಡಿರಲಿಲ್ಲ. ಬರೆಯುವವರಿಗೂ ಹೆದರಿಕೆ ಆಗುತ್ತದಮ್ಮ ಎಂದೆ. ಅವಳು ಕೊಂಚ ಯೋಚಿಸಿ, “ನಂಗೂ ಆಗಿತ್ತು” ಎಂದಳು. ಆಮೇಲೆ ಹೇಳಿದಳು: “ಸುಂಯ್‌ಪುಟ್ಟ ಹೆದ್ರಿಕೆ ಆಗ್ತೈತೆ ಅಂತ ಒಂದಿನಾನೂ ಹೇಳಲ್ಲ. ಅವನ ಕೈಲೂ ಹೇಳ್ಸು.”

ನ್ಯಾಮತಿಗೆ ವಾಪಸು ಬಂದ ಮೇಲೆ ಸಿಕ್ಕ ಕಂತಿನಲ್ಲಿ ಸುಂಯ್‌ಪುಟ್ಟ ಮುರಿದ ಸೇತುವೆಯ ತುದಿಯಲ್ಲಿ ನಿಂತು, ಕೆಳಗಿನ ಪ್ರಪಾತ ನೋಡಿ, ಎದೆಯುಬ್ಬಿಸಿ ಒಂದು ಮಾತು ಹೇಳಬೇಕಿತ್ತು. ಕನ್ನಡದಲ್ಲಿ ನಾನು ಮೊದಲೇ ಬರೆದಿಟ್ಟಿದ್ದದ್ದು ‘ನಾನು ಯಾರಿಗೂ ಹೆದರಲ್ಲ’. ಕನ್ನಡಿಯ ಮುಂದೆ, ಈ ಸಲ ಬಾಗಿಲು ಹಾಕಿಕೊಂಡು, ಅದರ ಜಾಗದಲ್ಲಿ ‘ನಂಗೂ ಹೆದರಿಕೆ ಆಗ್ತಿದೆ’ ಎಂದು ಹೇಳಿ ನೋಡಿದೆ. ಎಲ್ಲೂ ತುಟಿ ಮುಚ್ಚಲಿಲ್ಲ. ಅಷ್ಟೇ ಉದ್ದ, ಅಷ್ಟೇ ಬಾಯಿ.  ಅದೇ ತುಟಿ, ಅದೇ ಉಸಿರು. ಅವನ ಬಾಯಲ್ಲಿ ಈ ಮಾತಿಗೂ ಮೊದಲಿನಿಂದಲೇ ಜಾಗವಿತ್ತು.

ರೇಖಾಗೆ ಕಳಿಸಿದೆ. ಜಗಳೂರಿನ ಕತೆಯನ್ನೂ ಹೇಳಿದೆ. ಅವಳು ಅದನ್ನು ಕಂಪನಿಯವರ ಮುಂದಿಟ್ಟಳು. ಅಲ್ಲಿ ಚರ್ಚೆಯಾಯಿತಂತೆ. ಹೆದರುವ ವೀರನನ್ನು ಮಕ್ಕಳು ವೀರನೆಂದು ಒಪ್ಪುತ್ತಾರೆಯೇ ಎಂದು ಕೆಲವರು ಕೇಳಿದರಂತೆ. ಕೊನೆಗೆ, ಇದೊಂದು ಕಂತಿನಲ್ಲಿ ಇರಲಿ, ಮಕ್ಕಳು ಏನನ್ನುತ್ತಾರೋ ನೋಡೋಣ ಎಂದಾಯಿತು. ಆ ಕಂತು ಬರುವ ಭಾನುವಾರ ನಾನು ಜಗಳೂರಿಗೇ ಹೋದೆ. ಪರೀಕ್ಷೆಯ ಫಲಿತಾಂಶಕ್ಕೆ ಹೋದ ಹುಡುಗಿಯ ಹಾಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗಿನ ತುದಿ ತಿರುಚುತ್ತಿದ್ದೆ.

ಸುಂಯ್‌ಪುಟ್ಟ ಸೇತುವೆಯ ತುದಿಗೆ ಬಂದ. ಕೆಳಗೆ ನೋಡಿದ. “ನಂಗೂ ಹೆದರಿಕೆ ಆಗ್ತಿದೆ” ಎಂದ. ಸಿಂಚನಾ ತಿರುಗಿ ನನ್ನ ಮುಖ ನೋಡಿದಳು.  ಮನು ಕೂತಲ್ಲಿಂದ ಎದ್ದ. ಟೀವಿಯ ಹತ್ತಿರ ಹೋದ. ತಾನು ಅರ್ಧ ತಿಂದಿದ್ದ ಬಿಸ್ಕತ್ತನ್ನು ಸುಂಯ್‌ಪುಟ್ಟನ ಬಾಯಿಗೆ ಹಿಡಿದು ನಿಂತ.

ಸುಂಯ್‌ಪುಟ್ಟ ಧೈರ್ಯ ತಂದುಕೊಂಡು ಸುಂಯ್ ಎಂದು ಹಾರಿಹೋದ. ಮನು ಬಿಸ್ಕತ್ತನ್ನು ತಿರುಗಿಸಿ ನೋಡಿ, ಅವನು ಕಚ್ಚಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಟೀವಿಯ ಮುಂದಿಟ್ಟು ಬಂದ. ಇರುವೆ ಮುತ್ತುತ್ತವೆಂದು ಶೈಲಾ ತೆಗೆಯಲು ಹೋದಳು. ಗಂಗಮ್ಮ ತಡೆದರು.

“ಇರ್ಲಿ ಬಿಡವ್ವ” ಎಂದರು. “ಅವ್ನು ತಿರುಗಿ ಬರಾಕೆ ಹೊತ್ತಾಗ್ತೈತೆ.”