ನಡುವೆ ಉಳಿದ ಕೆಂಪು ಪಟ್ಟಿ

ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಹೊಸಪೇಟೆಯ ನಮ್ಮ ಮನೆಯಲ್ಲಿ ಅದು ಮೊದಲು ವಾರಕ್ಕೊಮ್ಮೆಯ ಕೆಲಸವಾಗಿತ್ತು, ಗಣಿ ಜೋರಾದ ಮೇಲೆ ದಿನದ ಕೆಲಸವಾಯಿತು. ಸಂಡೂರಿನ ಗುಡ್ಡ ಅಗೆದು ತುಂಬಿಕೊಂಡ ಲಾರಿಗಳು ನಮ್ಮ ಬೀದಿಯ ತುದಿಯಲ್ಲಿ ಹಗಲೆಲ್ಲ ಸಾಲು ಹಿಡಿದು ಹೋಗುತ್ತಿದ್ದವು. ಅದಿರಿನ ಧೂಳು ದೀಪದ ಎಣ್ಣೆಗೆ ಬಿದ್ದು ಕೆಸರಾಗುತ್ತಿತ್ತು. ಮೊಸರಿನ ಕೆನೆ ಕೆಂಪು, ಒಣಹಾಕಿದ ಧೋತರ ಕೆಂಪು, ಮೂಗು ಸೀಟಿದರೆ ಅದೂ ಕೆಂಪು. ಶಿವನ ಮೇಲೆ ಎರೆದ ನೀರೂ ತಟ್ಟೆಗೆ ಕೆಂಪಾಗಿ ಇಳಿಯುತ್ತಿತ್ತು. ಹಿತ್ತಲ ಬಾವಿಯ ನೀರು ಮಾತ್ರ ಇನ್ನೂ ತಿಳಿಯಾಗಿತ್ತು. ಅಷ್ಟಾದರೂ ಉಳಿಸಿದನಲ್ಲ ಅಂತ ಅವನಿಗೇ ಕೈ ಮುಗಿಯುತ್ತಿದ್ದೆ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹಿತ್ತಲ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಬ್ಯಾಟು.

"ಅಕ್ಕಾ, ನಮ್ಮ ಆಟದ ತಾಸು ಕಿತ್ಗೊಂಡ್ರಂತ."

"ಯಾರು?"

"ಸಾವ್ಕಾರ್ರು. ಗೇಟಿಗೆ ಬೀಗ ಹಾಕ್ಯಾರ. ಸಂಜಿ ಐದಕ್ಕ ಇನ್ನ ಅವರ ಮನಿಯವ್ರು ಅಷ್ಟ ಆಡ್ತಾರಂತ."

ಬೀದಿಯ ಹಿಂದೆ ಒಂದು ಸಿಮೆಂಟಿನ ಶಟಲ್ ಕೋರ್ಟ್ ಇತ್ತು. ಬೀದಿಯವರೇ ಕೂಡಿ ಮಾಡಿಸಿಕೊಂಡಿದ್ದು. ಗಣಿ ಗುತ್ತಿಗೆಯ ಸಾವ್ಕಾರ ಅದಕ್ಕೊಂದು ಬೇಲಿ, ಗೇಟು ಹಾಕಿಸಿಕೊಟ್ಟ. ಆಮೇಲೆ ಕೋರ್ಟೂ ಅವನದೇ ಆಯಿತು. ಸಂಜೆಯ ಒಂದು ತಾಸು ಹೆಂಗಸರಿಗೆ ಅಂತ ಇತ್ತು.

ನನಗೆ ಆ ಆಟ ಇಲ್ಲದಿದ್ದರೂ ನಡೆಯುತ್ತಿತ್ತು. ಅವಳಿಗೆ ನಡೆಯುತ್ತಿರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ಮನೆಯಿಂದ ಸೊಸೆಯಾಗಿ ಬಂದವಳು ಒಂದು ವರ್ಷ "ಹೂಂರಿ", "ಇಲ್ರಿ" ಬಿಟ್ಟು ಮಾತಾಡಿರಲಿಲ್ಲ. ಅವಳು ನಕ್ಕದ್ದನ್ನು ನಾನು ಮೊದಲು ಕೇಳಿದ್ದು ಆ ಕೋರ್ಟಿನಲ್ಲಿ. ಆ ತಾಸು ಹೋದರೆ ಅವಳು ಮತ್ತೆ ಬಾಯಿ ಮುಚ್ಚುತ್ತಾಳೆಂದು ನನಗೆ ಅಂಜಿಕೆಯಾಯಿತು. ದೀಪಗಳನ್ನು ಹಾಗೇ ಬಿಟ್ಟು ಕೈ ತೊಳೆದೆ.

ಬೀದಿಯ ಇನ್ನಿಬ್ಬರನ್ನು ಕರೆದುಕೊಂಡು ಸಾವ್ಕಾರನ ಮನೆಗೆ ಹೋದೆ. ಕನ್ನಡಿಯಂಥ ನೆಲ. ಅವನು ಫೋನಿನಲ್ಲಿ ಮಾತಾಡುತ್ತಲೇ ತುಳಸಿಯ ಪಕ್ಕದ ಹೂವಿನ ಕುಂಡಕ್ಕೆ ಗುಟ್ಕಾ ಉಗಿದ. ಕುಂಡದ ತುಂಬ ಅದೇ. ನಾನು ಸೆರಗನ್ನು ಮೂಗಿಗೆ ಹಿಡಿದೆ. ಅವನಿಗೆ ಅದು ಕಾಣಿಸಲಿಲ್ಲ, ಅವನ ಹೆಂಡತಿಗೆ ಕಾಣಿಸಿತು.

"ಬರ್ರಿ, ಕುಂದ್ರಿ," ಅಂದಳು ತೂಗುಮಂಚದಿಂದ ಏಳದೆ. "ನಿಮ್ಮ ಆಟ ಮಾಳಿಗಿ ಮ್ಯಾಲಿಂದ ನೋಡೀನ್ರಿ. ಶಟಲ್ ಇಬ್ರ ನಡುವ ಬೀಳ್ತೈತಿ, ಇಬ್ರೂ ನಿಂತು ಅದಕ್ಕ ನೀವ್ ಮೊದಲು, ನೀವ್ ಮೊದಲು ಅಂತೀರಿ. ಎಲ್ಲಿ ನಿಲ್ಲಬೇಕನ್ನೋದ ಗೊತ್ತಿಲ್ಲದವ್ರಿಗೆ ಕೋರ್ಟ್ ಯಾಕ್ರಿ?"

"ಗೊತ್ತಾದ್ರ ಕೊಡ್ತೀರೇನು?"

"ನನ್ನ ಒಂದ ಸಲ ಸೋಲಸ್ರಿ. ತಾಸು ನಿಮ್ದ."

ಹದಿನೈದು ದಿನ ಬಿಟ್ಟು ಆಟ ಎಂದಾಯಿತು. ಅಲ್ಲಿಯತನಕ ಬೆಳಿಗ್ಗೆ ಅರ್ಧ ತಾಸು ಗೇಟು ತೆಗೆಸುತ್ತೇನೆ ಅಂದಳು. ಜೊತೆಗೆ ಬಂದ ಇಬ್ಬರೂ ಕೇಳಿಸಿಕೊಂಡರು.

ಸಾವ್ಕಾರ್ತಿ ಹೇಳಿದ್ದು ನಿಜವಾಗಿತ್ತು. ಅದೇ ಹೆಚ್ಚು ಮೈ ಉರಿಸಿತು. ನನ್ನ ನೆಗೆಣ್ಣಿಯ ಕೈ ಚುರುಕು, ಆದರೆ ನಾನು ಹಿರಿಯಳೆಂದು ನನ್ನ ಮುಂದೆ ಹಾಯುತ್ತಿರಲಿಲ್ಲ. ನಡುವೆ ಬಂದದ್ದನ್ನೆಲ್ಲ "ನೀವ್ ತಗೋರಿ ಅಕ್ಕ" ಅಂತ ನನಗೇ ಬಿಡುತ್ತಿದ್ದಳು. ಅಪ್ಪಿತಪ್ಪಿ ಅವಳ ಕಾಲು ನನ್ನ ಕಾಲಿಗೆ ತಾಗಿದರಂತೂ ಆಟ ಮುಗಿದ ಹಾಗೆ. ಬಗ್ಗಿ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಶಟಲ್ ಅವಳ ಬೆನ್ನ ಮೇಲೇ ಬಿದ್ದದ್ದೂ ಉಂಟು.

ಮೂರನೆಯ ದಿನ ತಡವಾಗಿತ್ತು, ಕೋರ್ಟ್ ಗುಡಿಸದೆ ಆಡಿದೆವು. ಆಟ ಮುಗಿಸಿ ಕಸಬರಿಗೆ ಹಿಡಿದವಳು ಅಲ್ಲೇ ನಿಂತೆ. ರಾತ್ರಿ ಕೂತ ಕೆಂಪು ಧೂಳಿನ ಮೇಲೆ ನಮ್ಮ ಬರಿಗಾಲಿನ ಗುರುತುಗಳೆಲ್ಲ ಬಿದ್ದಿದ್ದವು. ನನ್ನವು ಬಲಕ್ಕೆ ಎಲ್ಲೆಂದರಲ್ಲಿ. ಅವಳವು ಎಡಗಡೆಯ ಗೆರೆಗೆ ಅಂಟಿಕೊಂಡು, ಗೋಡೆ ಹಿಡಿದು ನಡೆದವರ ಹಾಗೆ. ನಮ್ಮಿಬ್ಬರ ನಡುವೆ ಎರಡು ಮೊಳ ಅಗಲದ ಪಟ್ಟಿ ಯಾರೂ ತುಳಿಯದೆ ಹಾಗೇ ಉಳಿದಿತ್ತು.

ಆ ಪಟ್ಟಿ ನನಗೆ ಗುರುತಿನದು. ನಮ್ಮ ಅಡುಗೆಮನೆಯಲ್ಲೂ ಅದು ಇತ್ತು. ಒಲೆಯ ಮುಂದೆ ನಾನು, ಎರಡು ಹೆಜ್ಜೆ ಹಿಂದೆ ಕಾಯಿಪಲ್ಯ ಹೆಚ್ಚುತ್ತ ಅವಳು. ಒಮ್ಮೆ ಸಾರಿನ ಸೌಟು ಹಿಡಿದಿದ್ದಕ್ಕೆ ನಾನು ಸುಮ್ಮನೆ ತಿರುಗಿ ನೋಡಿದ್ದೆ. ಬೈದಿರಲಿಲ್ಲ, ನೋಡಿದ್ದೆ ಅಷ್ಟೆ. ಅವಳು ಸೌಟು ಕೆಳಗಿಟ್ಟವಳು ಮತ್ತೆ ಮುಟ್ಟಿರಲಿಲ್ಲ. ಸಾವ್ಕಾರನ ಕುಂಡ ನೋಡಿ ಬಂದ ಹೇಸಿಕೆ ಈಗ ನನ್ನ ಮೇಲೇ ಬಂತು.

ಮನೆಗೆ ಬಂದು ಗಂಜಿ ಹಾಕಿ ಒಣಗಿಸಿದ ಸೀರೆ ಮಡಚುವಾಗ ದಾರಿ ಸಿಕ್ಕಿತು. ಒಂದು ತುದಿ ಅವಳ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ನಾನು ಬಲಕ್ಕೆ ಸರಿದರೆ ಅವಳೂ ಸರಿದಳು. ನಾನು ಹಿಂದೆ ಹೋದರೆ ಅವಳು ಮುಂದೆ ಬಂದಳು. ಸೀರೆ ಜೋಲು ಬೀಳಲಿಲ್ಲ, ಬಿಗಿಯಾಗಲೂ ಇಲ್ಲ. ಯಾರೂ ಯಾರಿಗೂ ಹೇಳಿಕೊಡದೆ ಇಬ್ಬರ ಕಾಲಿಗೂ ಅದು ಗೊತ್ತಿತ್ತು.

"ತಂಗೀ, ನಾಳೆ ಈ ಸೀರಿ ತಗೊಂಡ ಹೋಗೋಣು."

"ಯಾಕ್ರಿ ಅಕ್ಕ, ಅಲ್ಲಿ ಒಣಗಿಸಾಕ?"

"ಆಡಾಕ."

ಹಿತ್ತಲಲ್ಲೂ ಅಭ್ಯಾಸ ಮಾಡಿದೆವು. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಎಡಗೈಗಳಲ್ಲಿ ಹಿಡಿದು, ಬಲಗೈಯಲ್ಲಿ ಬ್ಯಾಟು ಹಿಡಿದು ಓಡಾಡಿದೆವು. ನಾವು ಶಟಲ್ ಎತ್ತರಕ್ಕೆ ಎತ್ತಿದರೆ ಇಬ್ಬರೂ ಅಕ್ಕಪಕ್ಕ ನಿಲ್ಲುವುದು. ನಮಗೆ ಹೊಡೆಯಲು ಸಿಕ್ಕರೆ ಒಬ್ಬಳು ಹಿಂದೆ, ಒಬ್ಬಳು ಬಲೆಯ ಹತ್ತಿರ. ಹೊಡೆದ ಮೇಲೆ ಶಟಲಿನ ಚಂದ ನೋಡುತ್ತ ನಿಲ್ಲದೆ ತಿರುಗಿ ಜಾಗಕ್ಕೆ ಬರುವುದು. ನಡುವೆ ಬಂದದ್ದು ಎಡಗಡೆ ನಿಂತವಳದ್ದು, ಅವಳ ಬಲಗೈಗೆ ಅದು ಸಲೀಸು. ಎಡಗಡೆ ನಿಲ್ಲುತ್ತಿದ್ದವಳು ನೆಗೆಣ್ಣಿ. ಬಾಯಿ ಬಿಟ್ಟು "ನಂದು" ಅನ್ನಬೇಕು ಎಂದೆ. ಅವಳು ತಲೆ ತಗ್ಗಿಸಿದಳು.

ಅತ್ತೆ ಹಿತ್ತಲ ಜಗಲಿಯಿಂದ ನೋಡುತ್ತಿದ್ದರು. "ಸೀರಿ ಮಡಚಾಕ ಹತ್ತೀರೋ, ಹರಿಯಾಕ ಹತ್ತೀರೋ?"

"ನಿಲ್ಲೋದು ಕಲಿಯಾಕತ್ತೀವ್ರಿ."

"ನಡೂ ಬಗ್ಗೋ ವಯಸ್ಸಿಗೆ ನಿಲ್ಲೋದು ಕಲಿತಾಳಂತ."

ದಿನಾ ಬೆಳಿಗ್ಗೆ ಆಡಿದ ಮೇಲೇ ಕೋರ್ಟ್ ಗುಡಿಸುತ್ತಿದ್ದೆ, ಮೊದಲು ಹೆಜ್ಜೆ ಓದಿಕೊಂಡು. ಪಟ್ಟಿ ಸಣ್ಣದಾಗುತ್ತ ಬಂತು. ಮನೆ ಹಾಳುಮಾಡಿದ ಧೂಳು ಇಷ್ಟು ಉಪಕಾರ ಮಾಡಿತು, ಸುಳ್ಳು ಹೇಳಬಾರದು. ಆದರೆ ಕಾಲು ತಾಗಿದಾಗ ಬಗ್ಗುವುದನ್ನು ಅವಳಿಗೆ ಬಿಡಲಾಗಲಿಲ್ಲ. ನಾನು ರೇಗಿದರೆ ಅತ್ತೇಬಿಟ್ಟಳು.

ಆಟದ ದಿನ ಅವಳೇ ಉಪಾಯ ಕಂಡುಕೊಂಡಳು. ಗೇಟಿನಲ್ಲಿ ನನ್ನ ಎರಡೂ ಪಾದ ಮುಟ್ಟಿ ಮೂರು ಸಲ ನಮಸ್ಕಾರ ಮಾಡಿದಳು.

"ಇದ್ಯಾಕಲೇ?"

"ಒಳಗ ಎಷ್ಟ್ ಸಲ ತಾಗತೈತೋ ಏನೋ. ಮುಂಗಡ ರೀ."

ಸಾವ್ಕಾರ್ತಿಯ ಜೊತೆ ಅವಳ ತಮ್ಮನ ಹೆಂಡತಿ ಆಡುತ್ತಿದ್ದಳು. ಬಿದ್ದ ಶಟಲ್ ಎತ್ತಿಕೊಡಲು ಕೆಲಸದಾಕೆ ಬೇರೆ, ವಯಸ್ಸಾದವಳು, ಪ್ರತಿ ಸಲ ಮೊಣಕಾಲು ಹಿಡಿದು ಬಗ್ಗುತ್ತಿದ್ದಳು. ನೋಡಲಾಗಲಿಲ್ಲ. ಸಾವ್ಕಾರ್ತಿ ಬಲೆಯ ಹತ್ತಿರ ನೆಟ್ಟ ಕಲ್ಲಿನ ಹಾಗೆ ನಿಂತಿರುತ್ತಿದ್ದಳು, ಓಡುವುದೆಲ್ಲ ತಮ್ಮನ ಹೆಂಡತಿಯದು, ಬೈಗುಳವೂ ಅವಳಿಗೇ. ನಮಗೆ ಬಂದದ್ದೆಲ್ಲ ನಡುವೆ, ಬೇಕಂತಲೇ. ಮೊದಮೊದಲು ನಮ್ಮ ಕಾಲು ಹಳೆಯ ಚಾಳಿಗೆ ಹೋಯಿತು. ಆಮೇಲೆ ಕೈಯಲ್ಲಿ ಸೀರೆ ಇದೆ ಅಂದುಕೊಂಡೆ. ಹದಿನೈದರ ಆಟ. ನಮ್ಮದು ಹದಿನಾಲ್ಕು, ಅವರದು ಹದಿಮೂರು ಆದಾಗ ಶಟಲ್ ಎತ್ತರಕ್ಕೆ ಹೋಗಿ ನೇರ ನಡುವೆ ಇಳಿಯಿತು. ನನ್ನ ಬ್ಯಾಟು ಎದ್ದಿತ್ತು.

"ನಂದು. ಸರೀರಿ ಅಕ್ಕ."

ಸರಿದೆ. ಅವಳು ನನ್ನ ಕಾಲು ತುಳಿದುಕೊಂಡೇ ಮುಂದೆ ಬಂದು ಸಾವ್ಕಾರ್ತಿಯ ಎಡಗಡೆ ಖಾಲಿ ಬಿಟ್ಟಿದ್ದ ಜಾಗಕ್ಕೆ ಹೊಡೆದಳು. ನೆಟ್ಟ ಕಲ್ಲು ಕದಲಲಿಲ್ಲ. ನನ್ನ ಹೆಬ್ಬೆರಳಿನ ಉಗುರು ಕಪ್ಪಗಾಗಿ ತಿಂಗಳು ಉಳಿಯಿತು.

ಸಾವ್ಕಾರ್ತಿ ಮುಖ ಒರೆಸಿಕೊಂಡು, "ಆತ್ರಿ, ಮಾತ್ ಅಂದ್ರ ಮಾತ್," ಅಂದಳು.

ಮರುದಿನ ಗೇಟಿಗೆ ಬೋರ್ಡು ಬಂತು. ಮಹಿಳೆಯರಿಗೆ ಒಂದು ತಾಸು, ಮಧ್ಯಾಹ್ನ ಒಂದರಿಂದ ಎರಡು. ಬೇಸಿಗೆಯ ಹೊಸಪೇಟೆಯಲ್ಲಿ ಆ ಹೊತ್ತಿಗೆ ಸಿಮೆಂಟಿನ ಮೇಲೆ ನಾಯಿಯೂ ಕಾಲಿಡುವುದಿಲ್ಲ. ಕೇಳಿದರೆ ಸಾವ್ಕಾರ್ತಿ, "ತಾಸು ಕೊಟ್ಟೀವಲ್ರಿ," ಅಂದಳು. ಸಾಕ್ಷಿಗಿದ್ದ ಇಬ್ಬರೂ, "ನಮ್ಮ ಮನಿಯವ್ರ ಲಾರಿ ಅವರ ಗಣ್ಯಾಗ ಓಡ್ತಾವು, ಬಿಡ್ರಿ," ಅಂತ ಸೆರಗು ಹೊದ್ದು ಮನೆಗೆ ಹೋದರು. ಬೇಲಿಯ ಬುಡದಲ್ಲಿ ಹೊಸ ಉಗುಳಿತ್ತು. ಧೂಳು ಯಾವುದು, ಉಗುಳು ಯಾವುದು ಅಂತ ತಿಳಿಯುತ್ತಿರಲಿಲ್ಲ. ಮೈಯೆಲ್ಲ ತೊಳೆದುಕೊಳ್ಳಬೇಕು ಅನ್ನಿಸಿತು.

ಮನೆಗೆ ಬಂದು ನೆಗೆಣ್ಣಿಗೆ ಹೇಳಿದೆ. ಇನ್ನು ಇವಳು ಮಾತು ನಿಲ್ಲಿಸುತ್ತಾಳೆ ಅಂದುಕೊಂಡು ಮುಖ ನೋಡಿದೆ. ಅವಳು ಸೌಟು ಹಿಡಿದು ಸಾರು ಕಲಕುತ್ತಿದ್ದಳು. ಆ ಸೌಟಿನ ಕಡೆ ನಾನು ತಿರುಗಿ ನೋಡಲಿಲ್ಲ.

"ಅಕ್ಕಾ, ಬಾವಿ ಕಡಿಂದ ಹುಣಸಿಗಿಡದ ತನ ಎಷ್ಟ್ ಹೆಜ್ಜಿ ಆಕ್ಕಾವು?"

"ಅರ್ಧ ಕೋರ್ಟೂ ಆಗೂದಿಲ್ಲಲೇ."

"ಓಡಾಕ ಸಾಲೂದಿಲ್ಲ. ನಿಲ್ಲಾಕ ಸಾಲ್ತೈತಿ," ಅಂದವಳು ಸೌಟನ್ನು ನನ್ನ ಕೈಗಿಟ್ಟು, ಗೆರೆ ಹಾಕಲು ರಂಗೋಲಿ ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋದಳು.

ನಾನು ಸಾರು ಇಳಿಸಿ, ಮೊಸರಿನ ಮೇಲಿನ ಕೆಂಪು ಕೆನೆ ತೆಗೆಯಲು ಕೂತೆ.